‘ಆಮೇಲೆ ಹೋದರಾಯಿತು’ ಅಂದದ್ದೇ ತಪ್ಪಾಯಿತು!

ಪರೀಕ್ಷಾ ಕೊಠಡಿಯಲ್ಲಿ ಕುಳಿತು ಅರ್ಧ ಗಂಟೆಯೂ ಆಗಿರಲಿಲ್ಲ. ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡಿತ್ತು. ನಾಲ್ಕು ದಿನದಿಂದ ಮಲವಿಸರ್ಜನೆ ಆಗಿರಲಿಲ್ಲ. ಆರು ತಿಂಗಳು ಓದಿದ್ದೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಇದ್ದರೂ ಗಮನ ಮಾತ್ರ ಹೊಟ್ಟೆಯ ಮೇಲೆಯೇ. ಹೊರಬಂದಾಗ ಗೆಳೆಯ ‘ಹೇಗಿತ್ತೋ ಪೇಪರ್?’ ಎಂದ. ‘ಟಫ್ ಇತ್ತು ಕಣೋ’ ಎಂದೆ. ನಿಜ ಹೇಳಲು ನಾಚಿಕೆ!

ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಪಿಜಿ. ಒಂಬತ್ತು ಮಂದಿಗೆ ಎರಡೇ ಶೌಚಾಲಯ. ಬೆಳಿಗ್ಗೆ ಆದರೆ ಬಕೆಟ್ ಹಿಡಿದವರ ಸಾಲು. ‘ಆಮೇಲೆ ಹೋದರಾಯಿತು’ ಎಂದು ಕೋಚಿಂಗ್ ಕ್ಲಾಸಿಗೆ ಓಡುತ್ತಿದ್ದೆ. ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ. ಬೆಳಿಗ್ಗೆ ಟೀ, ಬನ್ನು. ಮಧ್ಯಾಹ್ನ ಅನ್ನ, ನೀರಿನಂಥ ಸಾಂಬಾರು. ರಾತ್ರಿ ಗೋಬಿ ಮಂಚೂರಿ. ನಿದ್ದೆ ತಡೆಯಲು ಮತ್ತೆ ಟೀ. ಕೊನೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು.

ಊರಿಗೆ ಹೋದಾಗ ‘ಯಾಕೋ ಮಗ, ಮುದ್ದೆ ಅರ್ಧಕ್ಕೇ ಬಿಟ್ಟೆ?’ ಎಂದು ಅಮ್ಮ ಕೇಳಿದರು. ಬಾಯಿಬಿಟ್ಟೆ. ಮರುದಿನವೇ ಆಯುರ್ವೇದ ವೈದ್ಯೆಯ ಬಳಿ ಕರೆದೊಯ್ದರು. ಅವರ ಮೊದಲ ಪ್ರಶ್ನೆ: ‘ಬಂದಾಗ ಹೋಗ್ತೀಯೋ, ತಡ್ಕೋತೀಯೋ?’

ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ ಇದನ್ನೂ ವಿವರಿಸುತ್ತದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ನಿದ್ದೆ ಹೀಗೆ 13 ಸಹಜ ವೇಗಗಳನ್ನು ತಡೆಯಬಾರದು ಎನ್ನುತ್ತದೆ. ತಡೆದರೆ ಕೆಳಮುಖವಾಗಿ ಚಲಿಸುವ ಅಪಾನ ವಾತ ಕೆಡುತ್ತದೆ ಎಂಬುದು ಆಯುರ್ವೇದದ ವಿವರಣೆ. ಆಧುನಿಕ ವೈದ್ಯರೂ ತಡೆಯಬೇಡಿ ಎಂದೇ ಹೇಳುತ್ತಾರೆ. ಮಲ ಒಳಗೇ ಉಳಿದಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರಿಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ.

ವೈದ್ಯೆ ಹೇಳಿದ್ದು ಸುಲಭದ ಸೂತ್ರ. ಅರ್ಧ ಗಂಟೆ ಬೇಗ ಏಳು. ಎದ್ದೊಡನೆ ಟೀ ಬದಲು ಒಂದು ಲೋಟ ಬಿಸಿನೀರು ಕುಡಿ. ಊಟ, ತಿಂಡಿಯ ನಂತರ ದೊಡ್ಡ ಕರುಳು ಚುರುಕಾಗುವುದರಿಂದ ತಿಂಡಿಯಾದ ಮೇಲೂ ಹತ್ತು ನಿಮಿಷ ಬಿಡುವಿಟ್ಟುಕೋ. ಮೊಬೈಲ್ ಹೊರಗಿರಲಿ. ಕಮೋಡ್ ಆದರೆ ಕಾಲಡಿ ಪುಟ್ಟ ಸ್ಟೂಲ್ ಇಟ್ಟುಕೋ. ಸಂಜೆ ಅರ್ಧ ಗಂಟೆ ನಡೆ.

ಊಟದಲ್ಲಿ ಸೊಪ್ಪಿನ ಸಾರು, ಹೆಸರುಕಾಳು, ಪರಂಗಿ, ಸೀಬೆಹಣ್ಣು ಇರಲಿ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ. ರಾತ್ರಿ ನೆನೆಸಿದ ಹತ್ತು ಹದಿನೈದು ಒಣದ್ರಾಕ್ಷಿಯನ್ನು ಬೆಳಿಗ್ಗೆ ನೀರಿನ ಸಮೇತ ಸೇವಿಸು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನಾರು ಹೆಚ್ಚಿಸಿ ನೀರು ಕುಡಿಯದಿದ್ದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಸೇರಿದ ತ್ರಿಫಲಾ ಚೂರ್ಣವನ್ನೂ ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಗಿಡಮೂಲಿಕೆ ಎಂದು ಮನಬಂದಂತೆ ನುಂಗುವಂತಿಲ್ಲ.

ಪಿಜಿಗೆ ಮರಳಿ ರೂಮ್‌ಮೇಟ್‌ಗಳಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಇಬ್ಬರು ‘ನನಗೂ ಹಂಗೇ ಕಣೋ’ ಎಂದರು! ಅಂದೇ ಗೋಡೆಗೆ ಶೌಚಾಲಯದ ಟೈಂಟೇಬಲ್ ಅಂಟಿಸಿದೆವು. ಗೋಬಿಯ ದುಡ್ಡು ಹಣ್ಣಿಗೆ ಹೋಯಿತು. ಮೂರು ವಾರದಲ್ಲಿ ಹೊಟ್ಟೆ ಹಗುರಾಯಿತು, ವೈದ್ಯೆಯ ಸಲಹೆಯಂತೆ ಮಾತ್ರೆಯೂ ನಿಂತಿತು.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿ, ತಡೆಯಲಾಗದ ಹೊಟ್ಟೆನೋವು ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.

ಮೊನ್ನೆ ಮತ್ತೊಂದು ಪರೀಕ್ಷೆ ಬರೆದೆ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಈ ಸಲ ಕೊನೆಯ ಪ್ರಶ್ನೆಯವರೆಗೂ ನನ್ನ ಗಮನ ಪತ್ರಿಕೆಯ ಮೇಲೆಯೇ ಇತ್ತು.