ಹಿತ್ತಲ ಸೊಪ್ಪು, ಶಾಲೆಯ ತಟ್ಟೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹಿರಿಯರು ಮದ್ದನ್ನು ಕುರಿತು ಹೇಳಿದರೋ, ಮನುಷ್ಯನ ಬುದ್ಧಿಯನ್ನು ಕುರಿತು ಹೇಳಿದರೋ ನಾನರಿಯೆ. ಸಕಲೇಶಪುರ, ಆಲೂರುಗಳ ಗುಡ್ಡದ ಹಾದಿಯಲ್ಲಿ ಮಳೆಗಾಲದಲ್ಲಿ ನಡೆದಾಗಲೆಲ್ಲ ಅದು ಊಟಕ್ಕೂ ಸಲ್ಲುವ ಮಾತೆಂದು ನನಗೆ ತೋರುತ್ತದೆ. ಹಳ್ಳದ ಅಂಚಿನಲ್ಲಿ ಕೆಸು, ಗದ್ದೆಯ ಬದುವಿನಲ್ಲಿ ಒಂದೆಲಗ, ಬೇಲಿಯ ಮೇಲೆ ಬಸಳೆ. ಇಷ್ಟು ಹಸಿರಿನ ನಡುವೆ ಹಾದು ಶಾಲೆಗೆ ಬರುವ ಮಗುವಿನ ಕೈಯಲ್ಲಿರುವುದು ಮಾತ್ರ ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣ.

ಶಾಲೆಯಲ್ಲಿ ಮಕ್ಕಳಿಗೆ ಉಣಬಡಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಕೇರ್ ಸಂಸ್ಥೆಯ ನೆರವಿನಿಂದ ಬರುತ್ತಿದ್ದ ಗೋಧಿಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ‘ಅಕ್ಷರ ದಾಸೋಹ’ವು ಮರುವರ್ಷ ಹಾಸನವೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಹಬ್ಬಿತು. 2013ರ ಆಗಸ್ಟಿನಿಂದ ‘ಕ್ಷೀರ ಭಾಗ್ಯ’ದ ಹಾಲು ಬಂದಿತು. 2024ರಲ್ಲಿ ಮೊಟ್ಟೆಯನ್ನು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು.

ಇದು ಸಣ್ಣ ಸಾಧನೆಯಲ್ಲ. ಕೆಳ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಲ್ಲಬೇಕೆಂಬುದು ಯೋಜನೆಯ ಲೆಕ್ಕ. ಅದರಿಂದ 12 ಗ್ರಾಂ ಸಸಾರಜನಕ ದೊರೆಯಬೇಕು. ಒಂದು ಮೊಟ್ಟೆ ಅದಕ್ಕೆ ಇನ್ನಾರು ಗ್ರಾಂ ಕೂಡಿಸುತ್ತದೆ. ನಸುಕಿನಲ್ಲೇ ತಾಯಿತಂದೆ ತೋಟದ ಕೆಲಸಕ್ಕೆ ಹೊರಟುಬಿಡುವ ಲೈನ್ ಮನೆಗಳ ಮಗುವಿಗೆ ಈ ಲೆಕ್ಕ ಬರಿಯ ಲೆಕ್ಕವಲ್ಲ.

ಆದರೂ ಒಂದು ಕೊರತೆ ಉಳಿದಿದೆ. ಅದು ರಕ್ತದ ಕೊರತೆ. 2019-20ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇವರೇ ಮುಂದೆ ಶಾಲೆಯ ಬೆಂಚಿನ ಮೇಲೆ ಕುಳಿತು ತೂಕಡಿಸುವವರು. ಕಾಫಿಯ ಸೀಮೆಯಲ್ಲಿ ಇನ್ನೊಂದು ತೊಡಕೂ ಉಂಟು. ಊಟ ತಿಂಡಿಯ ಜೊತೆಗೆ ಕುಡಿದ ಕಾಫಿ, ಚಹಗಳ ಒಗರು, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದು. ನಿಂಬೆ, ನೆಲ್ಲಿ, ಸೀಬೆ, ತೋಟದ ಕಿತ್ತಳೆಗಳ ಹುಳಿಯಾದರೋ ಅದನ್ನು ಮೈಗೂಡಿಸುತ್ತದೆ. ಈ ಎರಡು ಮಾತುಗಳನ್ನು ಪಾಠದ ನಡುವೆ ಮಕ್ಕಳಿಗೆ ತಿಳಿಸಲು ಹಣ ಬೇಡ, ಆದೇಶವೂ ಬೇಡ.

ಮಳೆ ಹಿಡಿದ ದಿನಗಳಲ್ಲಿ ಒಳನಾಡಿನ ಶಾಲೆಗೆ ಸಂತೆಯ ತರಕಾರಿ ತಲುಪುವುದೇ ಕಷ್ಟ. ಸಾರಿನಲ್ಲಿ ಆಲೂಗಡ್ಡೆ, ಈರುಳ್ಳಿಗಳೇ ತೇಲುತ್ತವೆ. ಬೇಲಿಯ ಸೊಪ್ಪನ್ನೇಕೆ ಹಾಕಬಾರದೆಂದು ಅಡುಗೆಯ ಅಕ್ಕನೊಬ್ಬರನ್ನು ಕೇಳಿದೆ. ಕೆಸುವಿಗೆ ಹುಣಿಸೆಯ ಹುಳಿ ಎಷ್ಟು ಬೀಳಬೇಕು, ಎಷ್ಟು ಹೊತ್ತು ಬೇಯಬೇಕು ಎಂಬುದೆಲ್ಲ ಅವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಆದರೂ ಒಂದು ಮಗುವಿನ ಗಂಟಲು ಕೆರೆದರೆ ಅಪವಾದ ತಮ್ಮ ತಲೆಗೇ ಬರುವುದೆಂಬ ಅಂಜಿಕೆ ಅವರದು. ‘ಬಡವರ ಸೊಪ್ಪು’ ಎಂದು ಯಾರಾದರೂ ಮೂಗು ಮುರಿದಾರೆಂಬ ಸಂಕೋಚ ಬೇರೆ. ಸೋಜಿಗವೆಂದರೆ, ಕಾಫಿ ತೋಟಗಳಿಗೆ ದುಡಿಯಲು ದೂರದ ಅಸ್ಸಾಮಿನಿಂದ ಬಂದವರಿಗೂ ಕೆಸು, ಬಿದಿರ ಕಳಲೆ ಪ್ರಿಯವಾದ ಆಹಾರ. ಕೆಸುವನ್ನು ಅವರು ‘ಕೊಸು’ ಎನ್ನುತ್ತಾರೆ. ಭಾಷೆ ತಿಳಿಯದ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಗುರುತು ಹಿಡಿಯಬಲ್ಲ ರುಚಿಯನ್ನು ನಾವು ಶಾಲೆಯ ಹೊರಗೆ ನಿಲ್ಲಿಸಿದ್ದೇವೆ.

ಶಾಲೆಗೊಂದು ಕೈತೋಟವಿರಲಿ ಎನ್ನುವುದು ಸುಲಭ. ಇಲ್ಲಿ ಆಷಾಢದ ಮಳೆಗೆ ಸೊಪ್ಪಿನ ಮಡಿ ಕೊಳೆಯುತ್ತದೆ. ಬೇಸಿಗೆಯ ರಜೆಯಲ್ಲಿ ನೀರೆರೆಯುವವರಿಲ್ಲ. ಬಾಳೆ, ಹಲಸು ಬೆಳೆಸಿದರೆ ಕಾಡಾನೆಗೆ ಕರೆಯೋಲೆ ಕಳುಹಿಸಿದಂತೆ. 2014ರಲ್ಲಿ ಆಲೂರಿನ ಸುತ್ತಿನಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಆ ಭಯ ತೀರಲಿಲ್ಲ. ಆದುದರಿಂದ ಇಲ್ಲಿಗೆ ಒಗ್ಗುವುದು ಬೇಲಿಗೆ ಹಬ್ಬುವ ಬಸಳೆ, ಸೂರಿನಡಿ ಬೆಳೆಯುವ ದಂಟು, ಅಂಗಳದ ಮೂಲೆಗೊಂದು ನಿಂಬೆ, ಒಂದು ನುಗ್ಗೆ. ವಾರಕ್ಕೆರಡು ದಿನ ಸೊಪ್ಪಿನ ಸಾರೆಂದು ಗೊತ್ತುಮಾಡಿ, ಯಾವ ಸೊಪ್ಪೆಂಬುದನ್ನು ಮುಖ್ಯೋಪಾಧ್ಯಾಯರೂ ತಾಯಂದಿರೂ ಕೂಡಿ ತೀರ್ಮಾನಿಸಿ ಬರೆದಿಟ್ಟರೆ, ಅಡುಗೆಯವರ ಹೆಗಲ ಮೇಲಿನ ಅಂಜಿಕೆಯೂ ಇಳಿಯುತ್ತದೆ.

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಉಣ್ಣುವವನ ಮಾನವನ್ನೂ ಕಾಯುವುದು. ತನ್ನಜ್ಜಿ ಕೊಯ್ದು ತರುತ್ತಿದ್ದ ಸೊಪ್ಪನ್ನು ಶಾಲೆಯ ತಟ್ಟೆಯಲ್ಲಿ ಕಂಡ ಮಗು ಅಂಗಡಿಯ ಪೊಟ್ಟಣವನ್ನು ಆ ಹೊತ್ತಿಗೇ ಬಿಟ್ಟೀತೆಂದು ನಾನು ಹೇಳಲಾರೆ. ಆದರೆ ತನ್ನ ಮನೆಯ ಊಟ ನಾಚುವಂಥದಲ್ಲವೆಂದು ಅದಕ್ಕೆ ಮನವರಿಕೆಯಾಗುತ್ತದೆ. ಆರೋಗ್ಯದ ಪಾಠ ಅಲ್ಲಿಂದ ಮೊದಲಾಗಲಿ.