ಮೊಟ್ಟೆಯನ್ನು ತ್ಯಜಿಸಿದ ಸಸ್ಯಾಹಾರಿ

ಹಾಲಿನೊಡನೆ ಮೊಟ್ಟೆಯನ್ನೂ ಸೇವಿಸುತ್ತಿದ್ದ ಸಸ್ಯಾಹಾರಿಯೊಬ್ಬನು ಮೊಟ್ಟೆಯನ್ನು ತ್ಯಜಿಸಿದನೆಂದು ಭಾವಿಸೋಣ. ಅವನ ದೇಹಕ್ಕಾಗುವ ನಷ್ಟವೇನು?

ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ಇದನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಅಕ್ಕಿಯಲ್ಲಿ ಲೈಸೀನ್ ಕಡಿಮೆ; ಬೇಳೆಯಲ್ಲಿ ಮೆಥಿಯೊನೀನ್ ಕಡಿಮೆ. ಅನ್ನ-ಹುಳಿಯ ಊಟದಲ್ಲಿ ಒಂದರ ಕೊರತೆಯನ್ನು ಮತ್ತೊಂದು ನೀಗುತ್ತದೆ.

ಆದರೆ ಬಿ-12 ಜೀವಸತ್ವದ ಮಾತೇ ಬೇರೆ. ಗಿಡವಾಗಲಿ ಪ್ರಾಣಿಯಾಗಲಿ ಇದನ್ನು ತಯಾರಿಸಲಾರದು. ಕೆಲವು ಸೂಕ್ಷ್ಮಜೀವಿಗಳು ಮಾತ್ರವೇ ತಯಾರಿಸಬಲ್ಲವು. ಹಸುವಿನ ಜಠರದಲ್ಲಿ ವಾಸಿಸುವ ಅಂತಹ ಜೀವಿಗಳಿಂದಲೇ ಇದು ಹಾಲಿಗೆ ಬರುತ್ತದೆ. 1948ರಲ್ಲಿ ಕೆಂಪು ಹರಳುಗಳಾಗಿ ದೊರೆತ ಈ ವಸ್ತುವಿನ ಅಣುರಚನೆಯನ್ನು ಡೊರೊತಿ ಹಾಡ್ಜ್‌ಕಿನ್ ಎಂಬ ವಿದುಷಿಯು ಕ್ಷ-ಕಿರಣಗಳ ನೆರವಿನಿಂದ 1956ರಲ್ಲಿ ನಿರ್ಧರಿಸಿದರು.

ವಯಸ್ಕನಿಗೆ ದಿನಕ್ಕೆ ಬೇಕಾದುದು ಸುಮಾರು 2.4 ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಎರಡೂವರೆ ಪಾಲೂ ಅಲ್ಲ! ಮೊಟ್ಟೆಯೊಂದು ಕೊಡುವುದು ಸುಮಾರು ಅರ್ಧ ಮೈಕ್ರೋಗ್ರಾಂ. ಕಾಲು ಲೀಟರು ಹಾಲು ಕೊಡುವುದು ಸುಮಾರು ಒಂದು. ಆದುದರಿಂದ ಹಾಲು-ಮೊಸರುಗಳು ಸಾಕಷ್ಟು ದೊರೆಯುವವನಿಗೆ ಮೊಟ್ಟೆ ಅನಿವಾರ್ಯವಲ್ಲ.

ಹಾಲನ್ನೂ ಬಿಡುವವನು ಎಚ್ಚರದಿಂದಿರಬೇಕು. ಯಕೃತ್ತಿನಲ್ಲಿರುವ ಸಂಗ್ರಹವು ಕೆಲವು ವರ್ಷ ಸಾಲುವುದರಿಂದ ಕೊರತೆಯು ಒಡನೆಯೇ ಗೋಚರಿಸದು. ಬಳಿಕ ರಕ್ತಹೀನತೆ, ಕೈಕಾಲುಗಳ ಜೋಮು ತಲೆದೋರಬಹುದು. ಚಿಕಿತ್ಸೆ ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಅಂತಹವರು ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ಸೇವಿಸುವುದು ಲೇಸು. ಆ ಜೀವಸತ್ವವನ್ನು ಕಾರ್ಖಾನೆಗಳಲ್ಲಿ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ. ಅದಕ್ಕೆ ಹಸುವೂ ಬೇಡ, ಕೋಳಿಯೂ ಬೇಡ.