ಕೀಲೆಣ್ಣೆಯ ವಿಚಾರ

ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆಯೆಂದೂ ಎರಡರ್ಥಗಳುಂಟು. ಒಂದನ್ನೊಂದು ಉಜ್ಜುವವುಗಳ ನಡುವೆ ನಿಂತು ಸವೆತವನ್ನು ತಪ್ಪಿಸುವುದು ಎರಡಕ್ಕೂ ಸಮಾನವಾದ ಧರ್ಮ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ, ಎಣ್ಣೆಯುಂಡ ಬಂಡಿಯ ಅಚ್ಚು ಹೇಗೆ ದೃಢವಾಗಿ ಶ್ರಮವನ್ನು ತಾಳುವುದೋ ಹಾಗೆಯೇ ಶರೀರವೂ ಎಂದು ದೃಷ್ಟಾಂತ ಕೊಟ್ಟಿದೆ.

ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯ ರೈತನಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳುವ ಅವಶ್ಯಕತೆಯಿರಲಿಲ್ಲ. ಅವನ ಚಕ್ಕಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟವು ತೂಗುತ್ತಿತ್ತು. ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿಯನ್ನು ಕಲಸಿ ಅಚ್ಚಿಗೆ ಹಚ್ಚುತ್ತಿದ್ದರು. ಈಗ ಟ್ರ್ಯಾಕ್ಟರುಗಳು ಬಂದು ಆ ಗೊಟ್ಟವು ಅಪರೂಪವಾಗಿದೆ. ಆದರೆ ತಿರುಗುವ ಕೀಲುಗಳು ಮನೆಯೊಳಗೇ ಬಂದು ಸೇರಿವೆ. ಹೊಲಿಗೆಯಂತ್ರವುಂಟು, ಮಗ್ಗವುಂಟು, ಮಲಪ್ರಭೆಯ ದಂಡೆಗೆ ಗಾಳ ಹಿಡಿದು ಹೋಗುವ ತರುಣರ ಕೈಯಲ್ಲಿ ದಾರ ಸುತ್ತುವ ರೀಲೂ ಉಂಟು. ಇವೆಲ್ಲಕ್ಕೂ ಎಣ್ಣೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಯಾವ ಎಣ್ಣೆ ಎಂಬುದರಲ್ಲಿಯೇ ಜನರು ಎಡವುತ್ತಾರೆ.

ನಮ್ಮ ಭಾಗದ ಅಡಿಗೆಮನೆಯಲ್ಲಿ ಕೈಗೆ ಮೊದಲು ಸಿಕ್ಕುವುದು ಕುಸುಬೆಯೆಣ್ಣೆ. ಅದು ಊಟಕ್ಕೆ ಉತ್ತಮವಾದರೂ ಯಂತ್ರಕ್ಕೆ ವೈರಿ. ಅದರ ಹಳೆಯ ತಳಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಲಿನೋಲಿಕ್ ಆಮ್ಲವಿರುತ್ತದೆ. ಅದು ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿ ಮೊದಲು ಅಂಟಾಗಿ, ಬಳಿಕ ಅರಗಿನಂತೆ ಗಟ್ಟಿಯಾಗುತ್ತದೆ. ಬಣ್ಣ ಕಲಸಲು ಕುಸುಬೆ, ಅಗಸೆಯೆಣ್ಣೆಗಳನ್ನು ಬಳಸುವುದು ಈ ಗುಣಕ್ಕಾಗಿಯೇ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಗ್ಗೆ ಕೀಲು ಬಿಗಿಯುತ್ತದೆ. ಹರಳೆಣ್ಣೆಯು ಹೀಗೆ ಬೇಗ ಒಣಗದು. 1914ರಿಂದ 1918ರ ಮಹಾಯುದ್ಧದ ವಿಮಾನಯಂತ್ರಗಳಲ್ಲಿ ಕೆಲವು ಅದರಿಂದಲೇ ನಡೆದುವು. ಆದರೆ ಸೂಕ್ಷ್ಮವಾದ ಕೀಲುಗಳಿಗೆ ಅದು ತೀರ ದಪ್ಪ. ಭೂಗರ್ಭದ ಖನಿಜತೈಲದಿಂದ ಮಾಡಿದ ತೆಳುವಾದ ಯಂತ್ರದೆಣ್ಣೆಯೇ ಅವಕ್ಕೆ ಯೋಗ್ಯವು.

ಎಣ್ಣೆಗಿಂತ ಮೊದಲು ಧೂಳಿನ ವಿಚಾರ. ಬೇಸಗೆಯಲ್ಲಿ ಎರೆಯ ಮಣ್ಣು ಹಿಟ್ಟಿನಂತೆ ಹಾರಿ ಎಲ್ಲೆಡೆ ಕೂಡುತ್ತದೆ. ಧೂಳಿನ ಮೇಲೆ ಎಣ್ಣೆ ಸುರಿದರೆ ಅದು ಸಾಣೆಯ ಕೆಸರಾಗಿ ಲೋಹವನ್ನೇ ತಿನ್ನುವುದು. ಆದುದರಿಂದ ಮೊದಲು ಒಣ ಕುಂಚದಿಂದ ಧೂಳನ್ನು ತೆಗೆಯತಕ್ಕದ್ದು; ಆಮೇಲೆ ಒಂದೊಂದು ಕೀಲಿಗೆ ಒಂದೊಂದು ಹನಿ; ನಾಲ್ಕು ಸಲ ತಿರುಗಿಸಿ, ಹೆಚ್ಚಾದುದನ್ನು ಅರಿವೆಯಿಂದ ಒರೆಸಬೇಕು. ವಿದ್ಯುತ್ತಿನ ಯಂತ್ರವಾದರೆ ಮೊದಲು ತಂತಿಯನ್ನು ಕೀಳಬೇಕು. ಗಾಳದ ರೀಲನ್ನು ಹೊಳೆಯಿಂದ ತಂದ ದಿನವೇ ಸಿಹಿನೀರಿನಿಂದ ಮೆಲ್ಲನೆ ತೊಳೆದು, ನೆರಳಿನಲ್ಲಿ ಆರಿಸಬೇಕು. ಹಿಡಿಕೆಗೂ ದಾರ ಹಾಯುವ ಉರುಳೆಗೂ ತೆಳುವಾದ ಎಣ್ಣೆಯ ಹನಿ. ಒಳಗಿನ ಹಲ್ಲುಗಾಲಿಗಳಿಗೆ ಗ್ರೀಸು. ದಾರದ ಓಟವನ್ನು ತಡೆಯುವ ಬಿಲ್ಲೆಗಳಿಗೆ, ತಯಾರಕರು ಹೇಳಿದ ಹೊರತು, ಏನನ್ನೂ ಹಚ್ಚಲಾಗದು. ರೀಲನ್ನು ಎತ್ತಿಡುವಾಗ ಆ ಬಿಗಿತವನ್ನು ಸಡಿಲಿಸಿಡಬೇಕು.

ಹೊಲಿಗೆಯಂತ್ರವನ್ನೇ ನೆಚ್ಚಿ ಸಂಸಾರ ಸಾಗಿಸುವ ತಾಯಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ಯಂತ್ರವು ಬಿಗಿದರೆ ಆ ಮನೆಯ ಗಳಿಕೆಯೇ ನಿಲ್ಲುವುದು. ಕೆಟ್ಟಿತೆಂದು ಮೋಡಕಾದವನಿಗೆ ತೂಗಿಕೊಡುವ ಮೊದಲು, ಒಳಗೆ ಅಡಿಗೆಯೆಣ್ಣೆಯ ಅಂಟಿದೆಯೇ ಎಂದು ನೋಡಿರಿ. ಅಂಟಿದ್ದರೆ ಒಲೆ ದೀಪಗಳಿಂದ ದೂರ ಕುಳಿತು, ಗಾಳಿಯಾಡುವಲ್ಲಿ, ಕೀಲುಗಳಿಗೆ ಸೀಮೆಎಣ್ಣೆಯ ಕೆಲವು ಹನಿ ಬಿಟ್ಟು ಒಂದು ರಾತ್ರಿ ಇಡಿರಿ. ಮರುದಿನ ಕೈಯಿಂದ ಮೆಲ್ಲನೆ ತಿರುಗಿಸಿ, ಕರಗಿದ ಅಂಟನ್ನು ಒರೆಸಿ, ಯಂತ್ರದೆಣ್ಣೆಯನ್ನು ಹಾಕಿರಿ. ಸತ್ತಿತೆಂದು ಬಗೆದ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಮತ್ತೆ ನಡೆಯುತ್ತವೆ.

ಯಂತ್ರದೆಣ್ಣೆಯ ಒಂದು ಚಿಕ್ಕ ಸೀಸೆಯು ಮನೆಯಲ್ಲಿರಲಿ. ಆದರೆ ಅಡಿಗೆಯ ಎಣ್ಣೆಯ ಪಕ್ಕದಲ್ಲಿ ಬೇಡ. ಅದರ ಮೇಲೆ ಹೆಸರು ಬರೆದು, ಮಕ್ಕಳ ಕೈಗೆಟುಕದಲ್ಲಿ ಇಡುವುದು ಒಳಿತು.